ಗಂಟೆಯ ಆಯ

ನನಗೆ ಕಾಯಿಲೆ ಬಂದದ್ದು ಕಿವಿಯ ದಾರಿಯಿಂದ. ಜ್ವರವಿಲ್ಲ, ನೋವಿಲ್ಲ, ಗಾಯವಿಲ್ಲ. ಯಾರೂ ಹೊಡೆಯದ ಗಂಟೆ ನನಗೊಬ್ಬಳಿಗೇ ಕೇಳತೊಡಗಿತು.

ಈಗ ಮುದುಕಿಯಾಗಿದ್ದೇನೆ. ಬೆಳಿಗ್ಗೆ ಎದ್ದು ಮುಖ ತೊಳೆದು ಮಾತ್ರೆ ನುಂಗುತ್ತೇನೆ, ಆಮೇಲೆ ಚಹಾ. ಈ ಕ್ರಮ ಬದಲಾಗಿಲ್ಲ. ಮೊನ್ನೆ ಆಸ್ಪತ್ರೆಯ ಬಾಕಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ತಾಯಿ ಕೂತಿದ್ದಳು. ಮಗಳಿಗೆ ಇದೇ ಜಾತಿಯ ಕಾಯಿಲೆ. "ಗುಳಿಗಿ ಬಿಡಿಸಿದ್ರ ನಡೀತೈತೇನ್ರಿ? ರೊಕ್ಕ ಹೊಂದವಲ್ದು" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಾತ್ರೆಗೆ ಬೆಲೆ ಕೊಟ್ಟವರು ಯಾರು, ಹೇಗೆ ಕೊಟ್ಟರು ಎಂಬುದನ್ನು ನೆನೆದರೆ ಇಂದಿಗೂ ನನಗೆ ಬೆರಗು. ಅದು ಸಣ್ಣ ಬೆರಗಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಬಸವನ ಬಾಗೇವಾಡಿ ತಾಲೂಕಿನಲ್ಲಿ, ಹೂವಿನ ಹಿಪ್ಪರಗಿಯಿಂದ ಎರಡು ಹರದಾರಿ ದೂರದ ಒಂದು ಹಳ್ಳಿ. ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ನಾನೊಬ್ಬಳೇ ಶಿಕ್ಷಕಿ. ಊರವರ ಬಾಯಲ್ಲಿ ಅಕ್ಕೋರು. ಗಂಡ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾನು, ಅತ್ತೆ ಗೌರವ್ವ, ಆಗಷ್ಟೇ ಗೋಡೆ ಹಿಡಿದು ನಡೆಯತೊಡಗಿದ್ದ ಮಗಳು.

ನಾನು ಟ್ರೇನಿಂಗ್ ಕಾಲೇಜಿನ ವಸತಿಗೃಹದಲ್ಲಿ ಬೆಳೆದವಳು. ಅಲ್ಲಿ ಏಳಲು ಗಂಟೆ, ಸ್ನಾನಕ್ಕೆ ಗಂಟೆ, ಉಣ್ಣಲು ಗಂಟೆ, ದೀಪ ಆರಿಸಲು ಗಂಟೆ. ಬೇರೆ ಹುಡುಗಿಯರು ಅತ್ತರು. ನನಗೆ ಮಾತ್ರ ಅದು ಹಿತವಾಗಿತ್ತು. ಮುಂದೇನು ಎಂದು ಯೋಚಿಸುವ ಕಷ್ಟವನ್ನು ಗಂಟೆ ತಾನು ಹೊತ್ತುಕೊಂಡಿತ್ತು. ಹಳ್ಳಿಗೆ ಬಂದಾಗ ಆ ಶಿಸ್ತನ್ನೂ ಜೊತೆಗೆ ತಂದೆ. ಶಾಲೆ ಊರ ಹೊರಗೆ ಒಂದು ದಿನ್ನೆಯ ಮೇಲಿತ್ತು. ಎದುರಿನ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಕಬ್ಬಿಣದ ಗೂಟದಿಂದ ಹೊಡೆದರೆ ಸುತ್ತಲ ಎರೆಹೊಲಗಳಲ್ಲಿ ಕಣ್ಣು ಹಾಯುವಷ್ಟು ದೂರಕ್ಕೂ ಕೇಳುತ್ತಿತ್ತು. ಆ ಗೂಟವನ್ನು ನಾನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಕೈಗಡಿಯಾರ ನೋಡುವುದು, ಹೊಡೆಯುವುದು. ಆ ಗಂಟೆಯನ್ನು ಮಕ್ಕಳಲ್ಲದೆ ಬೇರೆ ಯಾರಾದರೂ ಕೇಳುತ್ತಾರೆಂದು ನಾನು ಎಣಿಸಿಯೇ ಇರಲಿಲ್ಲ.

ಮೊದಲು ಅದು ಪಾಠದ ನಡುವೆ ಕೇಳಿತು. ಹೊರಗೆ ಬಂದು ನೋಡಿದರೆ ಹಳಿಯ ತುಂಡು ಅಲುಗಾಡದೆ ನಿಂತಿತ್ತು. ಮಕ್ಕಳು ತಲೆಯೆತ್ತಿರಲಿಲ್ಲ. ಗಾಳಿಯಿರಬೇಕು ಎಂದುಕೊಂಡೆ. ಮುಂದೆ ಅಡುಗೆಮನೆಯಲ್ಲಿ ಕೇಳಿತು, ಬಾವಿಯ ದಾರಿಯಲ್ಲಿ ಕೇಳಿತು. ಪ್ರತಿ ಸಲವೂ ಅದಕ್ಕೊಂದು ಅರ್ಥವಿರುತ್ತಿತ್ತು: ತಡವಾಯಿತು, ನೀನು ತಡಮಾಡಿದೆ. ನಿದ್ದೆ ಹೋಯಿತು. ಊಟ ಸೇರದಾಯಿತು. ಯಾರಿಗೂ ಹೇಳಲಿಲ್ಲ. ಗಂಟೆ ಕೇಳುತ್ತದೆ ಎಂಬುದು ದೂರುವಂಥ ಸಂಗತಿ ಎಂದು ಯಾರಿಗೆ ತಾನೇ ಅನ್ನಿಸೀತು?

ಹೊಲಗಳಲ್ಲಿ ಕಸ ತೆಗೆಯುವ ದಿನಗಳಲ್ಲಿ ಒಂದು ಮುಂಜಾನೆ ಅದು ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ, ಮಧ್ಯಾಹ್ನದ ಗಂಟೆ ಹೊಡೆಯುವುದನ್ನೇ ಮರೆತೆನೆಂದು ಗಾಬರಿಯಾಯಿತು. ಗಡಿಯಾರದ ಕಡೆ ಕಣ್ಣೂ ಹೋಗಲಿಲ್ಲ. ಓಡಿ ಹೋಗಿ ಗೂಟ ಹಿಡಿದು ಹೊಡೆದೆ. ಮಕ್ಕಳು ಖುಷಿಯಿಂದ ಮನೆಗೆ ಓಡಿದರು.

ಆಮೇಲೆ ಕೆಳಗಿನ ಹೊಲದಲ್ಲಿ ಏನಾಯಿತೆಂಬುದನ್ನು ನನಗೆ ಹೇಳಿದವಳು ದ್ಯಾಮವ್ವ. ಕೂಲಿ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಎತ್ತರದ ಹೆಣ್ಣು, ಅಷ್ಟೇ ದೊಡ್ಡ ದನಿ. ಗಂಟೆ ಕೇಳಿದ್ದೇ ಅವರೆಲ್ಲ ಕುರ್ಪಿ ಬಿಟ್ಟು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಹೊಲದ ಒಡೆಯ ಸಂಗನಗೌಡರು ಬಂದರು.

"ಏ ದ್ಯಾಮವ್ವಾ, ಇದೇನ ಉಣ್ಣು ಹೊತ್ತೇನ?"

"ಗಂಟಿ ಆತಲ್ರೀ ಗೌಡ್ರ."

"ನೆರಳ ನೋಡ ಎಷ್ಟುದ್ದ ಐತಿ! ಹೊತ್ತ ಇನ್ನ ನೆತ್ತಿಗೆ ಬಂದಿಲ್ಲ."

"ನೆರಳೇನ ಸಾಲಿ ಕಲತೈತೇನ್ರಿ? ಅಕ್ಕೋರು ಕಲತಾರ. ಇವತ್ತ ಹೊತ್ತ ತಡಾ ಮಾಡಿ ಹುಟ್ಟಿರಬೇಕು."

ಗೌಡರು ಬಂದ ದಾರಿ ಹಿಡಿದರಂತೆ. ಹೆಂಗಸರು ಸೂರ್ಯನನ್ನು ತಪ್ಪಿತಸ್ಥನನ್ನಾಗಿ ಮಾಡಿ ಹಾಯಾಗಿ ಉಂಡರಂತೆ. ಇದನ್ನು ಮೊದಲು ಕೇಳಿದಾಗ ನನಗೆ ನಗು ಬಂತು. ಅಳು ಬಂದದ್ದು ಬಹಳ ದಿನಗಳ ನಂತರ.

ನಿಜವಾದ ಮಧ್ಯಾಹ್ನವಾದಾಗ ಗಡಿಯಾರ ನೋಡಿದೆ, ಎಂದಿನಂತೆ ಮತ್ತೆ ಹೊಡೆದೆ. ಹೊಡೆದು ತಿರುಗಿದರೆ ದ್ಯಾಮವ್ವ ದಿನ್ನೆ ಏರಿ ಬರುತ್ತಿದ್ದಳು.

"ಅಕ್ಕೋರ, ಇದು ಯಾವ ಗಂಟಿರಿ?"

"ಮಧ್ಯಾಹ್ನದ್ದು."

"ಮತ್ತ ಮದಲಿಂದು?"

ಖಾಲಿ ಶಾಲೆಯ ಕಡೆ ನೋಡಿದೆ, ಗೂಟದ ಕಡೆ ನೋಡಿದೆ. ನನ್ನೊಳಗೆ ಏನೋ ಮುರಿದಿದೆ ಎಂದು ತಿಳಿದದ್ದು ಆ ಕ್ಷಣ. ದ್ಯಾಮವ್ವ ಮತ್ತೆ ಕೇಳಲಿಲ್ಲ. ಶಾಲೆಯ ಕೊಡದಲ್ಲಿ ತನ್ನ ಸೆರಗಿನ ತುದಿ ಅದ್ದಿ ನನ್ನ ಮುಖ ಒರೆಸಿದಳು. "ಉಂಡಿಲ್ಲ ನೀವು" ಎಂದಳು. ಅವಳ ಬುತ್ತಿಯಲ್ಲಿ ಉಳಿದಿದ್ದ ಅರ್ಧ ರೊಟ್ಟಿ ನನ್ನ ಕೈಗೆ ಬಂತು.

ಮನೆಯಲ್ಲಿ ಅತ್ತೆಗೆ ಹೇಳಿದೆ. ಎದೆ ಬಡಿದುಕೊಳ್ಳುತ್ತಾಳೆಂದು ನಾನು ಎದುರು ನೋಡಿದ್ದೆ. ಅವಳು ಬೀಸುವ ಕಲ್ಲು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು.

"ಶಾಂತಾ, ಕೇಳೂದು ಗುಡಿ ಗಂಟೀನೋ, ಸಾಲಿ ಗಂಟೀನೋ?"

"ಸಾಲಿದರೀ ಅತ್ತಿ."

"ಗುಡೀದಾಗಿದ್ರ ದೇವರ ಕೆಲಸ ಅನ್ನತಿದ್ನಿ. ಸಾಲಿದು ಅಂದ್ರ ಇದು ದಾಕ್ತರ ಕೆಲಸ. ನಿನ್ನ ಗಂಡಗ ಕಾಗದ ಬರಸ್ತೇನಿ."

ತೀರ್ಮಾನ ಮುಗಿಯಿತು, ಬೀಸುವ ಕಲ್ಲು ಮತ್ತೆ ತಿರುಗಿತು. ಓದು ಬಾರದ ಆ ಹೆಂಗಸು ನನ್ನನ್ನು ತಿಂಗಳುಗಟ್ಟಲೆಯ ತಾಯಿತ ಹರಕೆಗಳಿಂದ ಉಳಿಸಿದ್ದು ಹೀಗೆ.

ಗಂಡ ಬಂದು ನನ್ನನ್ನು ಸೊಲ್ಲಾಪುರಕ್ಕೆ ಕರೆದೊಯ್ದರು. ವಿಜಾಪುರದಿಂದ ರೈಲು. ಇಂಡಿ ರೋಡ್ ನಿಲ್ದಾಣದಲ್ಲಿ ಗಾಡಿ ಬಿಡುವ ಗಂಟೆ ಹೊಡೆದಾಗ ನಾನು ಅವರ ತೋಳು ಹಿಡಿದೆ.

"ನಿಮಗೂ ಕೇಳ್ತೇನ್ರಿ?"

"ಕೇಳ್ತು. ಇದು ಖರೇ ಗಂಟಿ" ಎಂದರು. ಆಮೇಲೆ ಪ್ರತಿ ನಿಲ್ದಾಣದಲ್ಲೂ ನಾನು ಕೇಳುವ ಮೊದಲೇ "ಖರೇ" ಎನ್ನುತ್ತ ಬಂದರು. ಮದುವೆಯಾದಾಗಿನಿಂದ ಅವರು ನನಗೆ ಆಡಿದ ಮಾತುಗಳಲ್ಲಿ ಇದಕ್ಕಿಂತ ಮೃದುವಾದದ್ದು ನನಗೆ ನೆನಪಿಲ್ಲ.

ವೈದ್ಯರ ಹೊರಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೇರೆ ರೋಗಗಳ ದವಾಖಾನೆಯಲ್ಲಿ ಕೆಮ್ಮುತ್ತಾರೆ, ನರಳುತ್ತಾರೆ, ಯಾವೂರು ಎಂದು ಕೇಳುತ್ತಾರೆ. ಇಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ಒಬ್ಬ ತನ್ನ ತಮ್ಮನ ಮುಂಗೈಯನ್ನು ಪಂಜೆಯ ಚುಂಗಿನಿಂದ ತನ್ನ ಕೈಗೆ ಕಟ್ಟಿಕೊಂಡು ಕೂತಿದ್ದ. ನನ್ನ ಪಕ್ಕದ ಮುದುಕಿಯೊಬ್ಬಳು ಸೆರಗಿನಿಂದ ಹುರಿದ ಶೇಂಗಾ ತೆಗೆದು ನನ್ನ ಉಡಿಗೆ ಸುರಿದಳು.

"ನಮ್ಮದು ಝಳಕಿ. ಮಗನ್ನ ಕರಕೊಂಡ ಬಂದೇನಿ. ನಿಂದ್ಯಾವೂರ ತಂಗಿ?"

ಹೇಳಿದೆ.

"ಮದಲನೇ ಸರತೇನು? ಹಂಗಾರ ತಿನ್ನು. ಒಳಗ ಹೋದ್ರ ಭಾಳ ಹೊತ್ತ ಮಾತಾಡಸ್ತಾನ ದಾಕ್ತರ. ಹಸಕೊಂಡ ಹೋದ್ರ ಮತ್ತಿಷ್ಟ ಹುಚ್ಚ ಹಿಡದಂಗ ಕಾಣಿಸ್ತೀವಿ."

ನಾನು ನಕ್ಕೆ. ನೆಲ ನೋಡುತ್ತಿದ್ದ ಇಬ್ಬರು ಮೂವರು ಕೂಡ ನಕ್ಕರು. ಶೇಂಗಾ ಆ ಕೋಣೆಯ ತುಂಬ ಕೈಯಿಂದ ಕೈಗೆ ಹೋಯಿತು.

ವೈದ್ಯರು ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಗಂಟೆ ಏನು ಹೇಳುತ್ತದೆ ಎಂದು ಕೇಳಿದರು. ತಡವಾಯಿತು ಎನ್ನುತ್ತದೆ ಎಂದೆ. ಅವರು ನಗಲಿಲ್ಲ. ಸಣ್ಣ ಮಾತ್ರೆಗಳನ್ನು ಬರೆದುಕೊಟ್ಟರು.

"ಶಾಂತಾಬಾಯಿ, ಬಿಸಿಲಾಗ ತಿರುಗಬ್ಯಾಡ್ರಿ. ಈ ಗೋಳಿ ತಗೊಂಡ್ರ ಬಿಸಲಿಗೆ ಚರ್ಮ ಸುಡತದ."

"ಸಾಹೇಬ್ರ, ನಮ್ಮ ಸೀಮ್ಯಾಗ ಬಿಸಲ ಒಂದ ಪುಗಸಟ್ಟೆ ಸಿಗೋದು. ಅದನ್ನೂ ಬಿಡು ಅಂತೀರಲ್ಲ" ಎಂದರು ನನ್ನ ಗಂಡ.

ಈ ಸಲ ವೈದ್ಯರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಒಂದು ಮಾತು. ಆರಾಮ ಆತು ಅಂತ ಬಿಡಬ್ಯಾಡ್ರಿ. ತಗೊಂಡೀರಿ ಅಂತ ಆರಾಮ ಇರತೀರಿ. ತಿಳೀತಲ್ಲ?"

ಅಂದು ಅದು ಎಷ್ಟು ದೊಡ್ಡ ಮಾತೆಂದು ನನಗೆ ತಿಳಿಯಲಿಲ್ಲ. ಹೊರಗೆ ಬಂದವರೇ ಗಂಡ ಒಂದು ಕಪ್ಪು ಛತ್ರಿ ಕೊಂಡರು.

ಮಾತ್ರೆಯಿಂದ ಬಾಯಿ ಒಣಗಿತು. ಕೈ ಬಿಗಿದುಕೊಂಡು ಹಲಗೆಯ ಮೇಲಿನ ನನ್ನ ಅಕ್ಷರ ಇರುವೆಯಷ್ಟಾಯಿತು. ಹಗಲೆಲ್ಲ ಜೊಂಪು. ಇನ್ನೂ ಎಷ್ಟು ದಿನ ಹೀಗೆ ಎಂದು ಅಳುತ್ತಿದ್ದೆ. ಒಂದು ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗ ಒಂದು ಸಪ್ಪಳ ಕೇಳಿತು. ಪಟಪಟ, ಪಟಪಟ. ಎದ್ದು ಕೂತೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಅದರ ಹಿಂದೆ ಒಲೆಯಲ್ಲಿ ತೊಗರಿಕಟ್ಟಿಗೆ ಚಟಚಟಿಸುವುದು ಕೇಳಿತು. ಜಂತಿಯಲ್ಲಿ ಗುಬ್ಬಿ. ಪಕ್ಕದಲ್ಲಿ ಮಗಳ ಉಸಿರು, ಒಳಗೊಮ್ಮೆ, ಹೊರಗೊಮ್ಮೆ. ಇಷ್ಟು ದಿನ ಇವೆಲ್ಲ ಎಲ್ಲಿದ್ದವು? ಗಂಟೆಯೊಂದು ಹೋದದ್ದೇ ಜಗತ್ತಿನ ಸಪ್ಪಳಗಳೆಲ್ಲ ಒಂದೊಂದಾಗಿ ಮನೆಗೆ ಮರಳಿ ಬಂದಿದ್ದವು. ಅಲುಗಾಡಿದರೆ ಹೋದಾವೆಂದು ಕಂಬಳಿ ಹಿಡಿದುಕೊಂಡು ಕೂತೇ ಇದ್ದೆ. ಹುರುಳಿಕಾಳಿಗಿಂತ ತುಸು ದೊಡ್ಡದಾದ ಒಂದು ಮಾತ್ರೆ ಇಷ್ಟೆಲ್ಲವನ್ನೂ ಹಿಂದಕ್ಕೆ ತಂದಿತ್ತು! ಅಂದಿನಿಂದ ಅದನ್ನು ಬಲಗೈಯಲ್ಲೇ ತೆಗೆದುಕೊಳ್ಳುತ್ತೇನೆ.

ಒಂದು ವರ್ಷ ಚೆನ್ನಾಗಿ ಕಳೆಯಿತು. ನನ್ನ ಸಂಬಳ ಮನೆಯ ಹೊಟ್ಟೆಗೆ, ಗಂಡನ ದುಡಿಮೆ ಮಾತ್ರೆಗೆ. ಪ್ರತಿ ತಿಂಗಳೂ ಅವರು ಸೊಲ್ಲಾಪುರದಲ್ಲೇ ಕೊಂಡು ತರುತ್ತಿದ್ದರು. ಮರುವರ್ಷದ ದೀಪಾವಳಿಯ ಹೊತ್ತಿಗೆ ಗಿರಣಿ ನಿಂತಿತು. ಅವರು ಹಾಸಿಗೆ ಸುತ್ತಿಕೊಂಡು ಊರಿಗೆ ಬಂದರು. ಕೈಯಲ್ಲಿದ್ದ ಮಾತ್ರೆಗಳು ಮುಗಿಯುವ ಮೊದಲೇ ಅತ್ತೆ ತನ್ನ ಕೊರಳಿನ ಚಿನ್ನದ ಬೋರಮಾಳ ಬಿಚ್ಚಿಕೊಟ್ಟಳು. ಅದರಿಂದ ಬಂದದ್ದೂ ಕರಗಿತು.

ಸಹಾಯ ಹುಡುಕಿಕೊಂಡು ಗಂಡ ಎಲ್ಲೆಲ್ಲಿಗೋ ತಿರುಗಿದರು. ಸರಕಾರಿ ದವಾಖಾನೆಯಲ್ಲಿ ಈ ಮಾತ್ರೆಯ ಹೆಸರನ್ನೇ ಕೇಳಿದವರಿರಲಿಲ್ಲ. ಒಂದು ಧರ್ಮಾರ್ಥ ನಿಧಿಯವರು ಕ್ಷಯರೋಗಕ್ಕಾದರೆ ಕೊಡುತ್ತೇವೆ ಎಂದರು. ಸಿಂದಗಿಯಲ್ಲಿದ್ದ ನನ್ನ ಅಣ್ಣ ಒಮ್ಮೆ ಕೊಟ್ಟ. ಎರಡನೆಯ ಸಲ ಹೋದಾಗ ಅವನ ಮನೆಯ ಕಷ್ಟ ನೋಡಿ ಇವರೇ ಬಾಯಿ ತೆರೆಯದೆ ಹಿಂದಿರುಗಿದರು. ಕೊನೆಗೆ ಮುದ್ದೇಬಿಹಾಳದಲ್ಲಿ ಒಬ್ಬ ದೊಡ್ಡ ವ್ಯಾಪಾರಿಯಿದ್ದಾರೆ, ರೋಗಿಗಳಿಗೆ ಕೈಬಿಚ್ಚಿ ಕೊಡುತ್ತಾರೆ ಎಂದು ಯಾರೋ ಹೇಳಿದರು. ಇಬ್ಬರೂ ಹೋದೆವು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು, ತಲೆ ಬಾಚಿ, ಛತ್ರಿ ಹಿಡಿದು ಅವರ ಜಮಖಾನೆಯ ಮೇಲೆ ನೆಟ್ಟಗೆ ಕೂತೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬ್ಯಾನಿ ಯಾರಿಗೈತ್ರಿ?"

"ಇವರಿಗೇ."

"ಇವರಿಗಾ? ಆರಾಮ ಅದಾರಲ್ರೀ! ಚಂದಾಗಿ ಕುಂತಾರ, ಚಂದಾಗಿ ಮಾತಾಡ್ತಾರ. ಮತ್ತ ಔಷಧ ಯಾಕ?"

"ಔಷಧ ತಗೋತಾರಂತನ ಹಿಂಗದಾರ್ರಿ."

"ಹಂಗಲ್ರಿ. ಕಾಲ ಮುರದ ಬಂದ್ರ ಕೊಟ್ಟೇನಿ, ಕಣ್ಣ ಹ್ವಾದವರಿಗೆ ಕೊಟ್ಟೇನಿ. ಆರಾಮಿದ್ದವರಿಗೆ ಕೊಟ್ಟ್ರ ಮಂದಿ ನನಗ ಹುಚ್ಚ ಅಂದಾರು."

ಕೆಟ್ಟ ಮನುಷ್ಯನೇನಲ್ಲ. ನಮಗೆ ಊಟ ಹಾಕಿ ಕಳಿಸಿದರು. ಆದರೆ ನಾನು ಕೂದಲು ಕೆದರಿಕೊಂಡು ಕೂಗಾಡುತ್ತ ಬಂದಿದ್ದರೆ ಸಿಗುತ್ತಿದ್ದದ್ದು, ಮಾತ್ರೆ ತಿಂದು ನೆಟ್ಟಗೆ ಕೂತದ್ದರಿಂದ ಸಿಗಲಿಲ್ಲ. ಬರುವಾಗ ಬಸ್ಸಿನಲ್ಲಿ ವೈದ್ಯರ ಮಾತು ಮತ್ತೆ ಮತ್ತೆ ನೆನಪಾಯಿತು. ಅದರ ಗಾತ್ರ ಆಗ ತಿಳಿಯಿತು.

ಉಳಿದ ಮಾತ್ರೆಗಳನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಸ್ವಲ್ಪ ದಿನಗಳಲ್ಲೇ ಅದು ಕೇಳಿತು, ಬಹಳ ದೂರದಿಂದ, ಬೇರೆ ಯಾವುದೋ ಊರಿನ ಗಂಟೆಯಂತೆ. ಅಂದಿನಿಂದ ಗೂಟ ಮುಟ್ಟುವ ಧೈರ್ಯ ಹೋಯಿತು. ನಾನು ಹೊಡೆಯುವ ಗಂಟೆಗೂ ನನ್ನ ತಲೆಯ ಗಂಟೆಗೂ ಭೇದ ತಿಳಿಯದಿದ್ದರೆ? ಮಕ್ಕಳನ್ನು ಗಡಿಯಾರ ನೋಡಿ ಬಾಯಿಮಾತಿನಲ್ಲೇ ಒಳಗೆ ಕರೆದೆ, ಬಾಯಿಮಾತಿನಲ್ಲೇ ಹೊರಗೆ ಬಿಟ್ಟೆ. ಹಳಿಯ ತುಂಡು ಸುಮ್ಮನೆ ತೂಗತೊಡಗಿತು.

ಬಾವಿಯ ಹತ್ತಿರ ದ್ಯಾಮವ್ವ ನನ್ನ ಅತ್ತೆಯನ್ನು ತಡೆದು ನಿಲ್ಲಿಸಿದಳಂತೆ.

"ಯವ್ವಾ, ಗಂಟಿ ಯಾಕ ಬಂದ್ ಆತು?"

ನನ್ನ ಅತ್ತೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಗಿರಣಿ, ಗುಳಿಗೆ, ಬೋರಮಾಳ, ಮುದ್ದೇಬಿಹಾಳ, ಎಲ್ಲವನ್ನೂ ಕೊಡ ತುಂಬುವಷ್ಟರಲ್ಲಿ ಹೇಳಿ ಮುಗಿಸಿದಳು.

"ಗುಳಿಗಿ ಸಿಕ್ಕ್ರ ಗಂಟಿ ಹೊಡೀತಾರೇನ್ರಿ?"

"ಹೊಡೀತಾಳ."

"ಹಂಗಾರ ಸುಗ್ಗಿ ಬರಲಿ. ಸಂಗನಗೌಡ್ರ ರಾಶಿ ದಿನ ಅಕ್ಕೋರ್ನ ಕಣಕ್ಕ ಕರಕೊಂಡ ಬರ್ರಿ. ಯಾಕಂತ ಹೇಳಬ್ಯಾಡ್ರಿ."

ಈ ಒಂದು ಗುಟ್ಟನ್ನು ಮಾತ್ರ ಅತ್ತೆ ಉಳಿಸಿಕೊಂಡಳು. ಹೇಗೆ ಉಳಿಸಿಕೊಂಡಳೋ, ಅದೂ ಒಂದು ಬೆರಗೇ.

ರಾಶಿಯ ದಿನ ಚಪ್ಪಲಿ ಹೊರಗೆ ಬಿಟ್ಟು ಕಣಕ್ಕೆ ಕಾಲಿಟ್ಟೆ. ಬಿಳಿಜೋಳ ಬಿಸಿಲಲ್ಲಿ ಗುಡ್ಡವಾಗಿ ಬಿದ್ದಿತ್ತು. ಅಳೆಯುವಾಗ ಕಣದಲ್ಲಿ ಯಾರೂ ಮಾತಾಡುವುದಿಲ್ಲ. ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಳತೆ ಮುಗಿದ ಮೇಲೆ ಆಯ. ಕಂಬಾರ, ಬಡಿಗ, ಚಮ್ಮಾರ ವರ್ಷವಿಡೀ ಒಕ್ಕಲಿಗರ ಕೆಲಸ ಮಾಡುತ್ತಾರೆ, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ ಒಯ್ಯುತ್ತಾರೆ. ಆಯವನ್ನು ಯಾರೂ ಕೈಚಾಚಿ ಬೇಡುವುದಿಲ್ಲ. ಕೊಟ್ಟವರೂ ಕೊಟ್ಟೆ ಎಂದು ಮೀಸೆ ತಿರುವುವುದಿಲ್ಲ. ಕಂಬಾರ ತನ್ನ ಗಂಟು ಕಟ್ಟಿಕೊಂಡ. ಬಡಿಗ ಕಟ್ಟಿಕೊಂಡ. ಆಗ ದ್ಯಾಮವ್ವ ಕಣದ ಅಂಚಿನಿಂದ ಕೂಗಿದಳು.

"ಗೌಡ್ರ, ಗಂಟಿ ಆಯ ಉಳೀತ್ರಿ."

"ಯಾವ ಗಂಟಿ?"

"ಅಕ್ಕೋರ ಗಂಟಿ."

ನನ್ನ ಕಿವಿಯಲ್ಲಿ ಬಿಸಿ ಏರಿತು. ಅತ್ತೆಯ ಕೈ ನನ್ನ ಬೆನ್ನ ಹಿಂದೆ ಗಟ್ಟಿಯಾಗಿ ನಿಂತಿತ್ತು, ಹಿಂದೆ ಸರಿಯಲು ಬಿಡಲಿಲ್ಲ.

"ನನಗೆ ದಾನ ಬೇಡ" ಎಂದೆ.

"ದಾನ ಅಂದವರ್ಯಾರು?" ದ್ಯಾಮವ್ವ ನನ್ನನ್ನೇ ಗದರಿದಳು. "ನಾ ಆಯ ಅಂದ್ನಿ. ಸುಮ್ಮ ನಿಂದರ್ರಿ ಅಕ್ಕೋರ, ಇದು ನಿಮ್ಮ ಮಾತಲ್ಲ, ನಮ್ಮ ಮಾತು."

ಗೌಡರು ಹುಬ್ಬೇರಿಸಿದರು. "ಅಕ್ಕೋರಿಗೆ ಸರಕಾರ ಸಂಬಳ ಕೊಡತೈತಿ. ಆಯ ಯಾಕ?"

"ಸರಕಾರ ಹುಡಿಗ್ಯಾರ್ನ ಓದಸಾಕ ಕೊಡತೈತ್ರಿ. ನಮ್ಮ ಹೊಟ್ಟಿಗೆ ಹೊತ್ತ ಹೇಳಾಕ ಕೊಡತೈತೇನು? ಗಂಟಿ ಇಲ್ಲದಾಗ ನಾವು ಯಾವಾಗ ಉಣ್ಣತಿದ್ವಿ? ನಿಮಗ ಹಸದಾಗ! ನೀವು ಮುಂಜಾನಿ ಹೋಳಿಗಿ ಉಂಡ ಬಂದ ದಿನ ನಮಗ ಮಧ್ಯಾಹ್ನ ಆಗತಿದ್ದಿಲ್ಲ."

ಕಣದಲ್ಲಿದ್ದವರೆಲ್ಲ ಗೊಳ್ಳೆಂದರು. ಗೌಡರ ತಮ್ಮನೇ ಮುಖ ತಿರುಗಿಸಿ ನಕ್ಕ.

"ಅಕ್ಕೋರು ಬಂದು ಗಂಟಿ ಹೊಡದ ಮ್ಯಾಲ ನಮಗೊಂದು ಮಧ್ಯಾಹ್ನ ಆತ್ರಿ. ನೀವೂ ಏನೂ ಅನ್ನಾಕಾಗಲಿಲ್ಲ, ನಾವೂ ಕೇಳೋದು ಬೀಳಲಿಲ್ಲ. ಗಂಟಿ ಆತು, ಕುಂತ್ವಿ."

"ಆದ್ರ ಆವತ್ತ ತಪ್ಪ ಗಂಟಿ ಹೊಡದ್ರಲ್ಲ? ತಲಿ ಸರಿ ಇಲ್ಲದವರ ಕೈಯಾಗ..."

"ಒಂದ ದಿನ ಕುಡಗೋಲ ಮೊಂಡಾತಂತ ಕಂಬಾರನ ಆಯ ಕಡದೀರೇನ್ರಿ? ಕುಲುಮಿಗೆ ಇದ್ದಲಿ ಹಾಕಿದ್ರ ಕುಡಗೋಲ ಹರಿತ ಆಗತೈತಿ. ಅಕ್ಕೋರಿಗೆ ಗುಳಿಗಿ ಹಾಕಿದ್ರ ಗಂಟಿ ಸರಿ ಆಗತೈತಿ. ಅಷ್ಟ ಮಾತು."

ಎಷ್ಟೋ ವರ್ಷಗಳಿಂದ ಎಷ್ಟೋ ಜನ ನನ್ನ ಕಾಯಿಲೆಗೆ ವಿವರಣೆ ಕೊಟ್ಟಿದ್ದಾರೆ. ಇಷ್ಟು ಹಗುರವಾಗಿ ಅದನ್ನು ನೆಲಕ್ಕಿಳಿಸಿ ತೋರಿಸಿದವರು ಇನ್ನೊಬ್ಬರಿಲ್ಲ. ಕುಲುಮೆಗೆ ಇದ್ದಲು ಬೇಕೆಂದು ಯಾರಿಗೂ ನಾಚಿಕೆಯಾಗುವುದಿಲ್ಲವಲ್ಲ!

ಗೌಡರು ರಾಶಿಯ ಕಡೆ ತಿರುಗಿದರು. ಆಮೇಲೆ ಅಳೆಯುವವನಿಗೆ ಹೇಳಿದರು: "ಕಂಬಾರಗ ಹಾಕಿದಷ್ಟ ಹಾಕ." ನನ್ನ ಕಡೆ ನೋಡದೆಯೇ ಸೇರಿಸಿದರು: "ಈ ದ್ಯಾಮವ್ವನ ಬಾಯಿಗೂ ಒಂದು ಗಂಟಿ ಇದ್ದಿದ್ರ ಚಲೋ ಇತ್ತು."

ಅತ್ತೆ ಚೀಲದ ಬಾಯಿ ಹಿಡಿದಳು. ಜೋಳ ಸುರಿಯಿತು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಕೂಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಅವರ ಉಡಿಯಲ್ಲಿದ್ದದ್ದು ಅಂದಿನ ಕೂಲಿಯ ಜೋಳ, ಸಂಜೆ ಬೀಸಿ ಮಕ್ಕಳಿಗೆ ರೊಟ್ಟಿ ಮಾಡಬೇಕಾದದ್ದು. ಒಬ್ಬೊಬ್ಬಳೂ ಒಂದು ಬೊಗಸೆ ತೆಗೆದು ಆ ಚೀಲಕ್ಕೆ ಹಾಕಿದಳು. ಯಾರೂ ನನ್ನ ಮುಖ ನೋಡಿ ಕನಿಕರಿಸಲಿಲ್ಲ. ಒಬ್ಬಳು ಸೆರಗು ಕೊಡವುತ್ತ "ಗಂಟಿ ಲಗೂನ ಹೊಡೀರಿ ಮತ್ತ" ಎಂದು ಹೋದಳು. ನಾನು ಮಾತ್ರ ಬರಿಗಾಲಲ್ಲಿ ಹಾಗೇ ನಿಂತಿದ್ದೆ. ನನ್ನ ಶಿಸ್ತು ನನ್ನೊಬ್ಬಳ ಸಮಾಧಾನಕ್ಕೆಂದು ತಿಳಿದಿದ್ದೆ. ಅದರ ನೆರಳಲ್ಲಿ ಇಷ್ಟು ಜನ ದಿನವೂ ಕೂತು ಉಣ್ಣುತ್ತಿದ್ದಾರೆಂಬುದು ನನಗೆ ಮನದಟ್ಟಾದದ್ದು ಅಂದೇ.

ಊರಿನ ಕಾಳಿನ ವ್ಯಾಪಾರಿ ಇಮಾಮಸಾಬರು ವಾರಕ್ಕೊಮ್ಮೆ ಸೊಲ್ಲಾಪುರಕ್ಕೆ ಮಾಲು ಒಯ್ಯುತ್ತಿದ್ದರು. ನಮ್ಮ ಚೀಲವನ್ನು ತಮ್ಮ ಚೀಲಗಳ ಜೊತೆ ಹಾಕಿಕೊಂಡರು. ಹಿಂದಿರುಗುವಾಗ ಮಾತ್ರೆಯ ಪೊಟ್ಟಣ ತಂದರು. ತಮ್ಮ ದಲಾಲಿ ಹಿಡಿದುಕೊಳ್ಳಲಿಲ್ಲ. ಹಿಡಿದುಕೊಳ್ಳಿರೆಂದು ಗಂಡ ಒತ್ತಾಯ ಮಾಡಿದರು.

"ಬಿಡ್ರಿ ತಮ್ಮಾ. ಅಂಗಡ್ಯಾಗ ಗಿರಾಕಿ ತುಂಬಿದಾಗ ಮಧ್ಯಾಹ್ನದ ನಮಾಜು ನಂಗ ಮರತ ಹೋಗತಿತ್ತು. ಅಕ್ಕೋರ ಗಂಟಿ ಕೇಳಿನ ಏಳತಿದ್ದೆ. ನಂದೂ ಆಯ ಅಂತ ತಿಳ್ಕೋರಿ."

ಹೀಗೆ ಎಷ್ಟೋ ಸುಗ್ಗಿಗಳು ನಡೆದವು. ಗಿರಣಿ ಮತ್ತೆ ಶುರುವಾಗಿ ಗಂಡ ಕೆಲಸಕ್ಕೆ ಹೋದ ಮೇಲೆ ಇನ್ನು ಸಾಕೆಂದು ದ್ಯಾಮವ್ವನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಆಯ ಬಿಟ್ರ ಗಂಟಿ ನಿಮ್ಮದಾಗತೈತ್ರಿ. ಈಗ ಅದು ಊರದೈತಿ" ಎಂದಳು. ನಾನು ಅಲ್ಲಿಂದ ವರ್ಗವಾಗುವವರೆಗೂ ರಾಶಿಯ ದಿನ ಕಂಬಾರ ಬಡಿಗರ ಸಾಲಿನಲ್ಲಿ ನಿಂತು ನನ್ನ ಪಾಲು ತೆಗೆದುಕೊಂಡೆ. ಬೇರೆ ಯಾವ ಸಾಲಿನಲ್ಲಿ ನಿಂತಾಗಲೂ ನನಗೆ ಅಷ್ಟು ಮರ್ಯಾದೆ ಅನ್ನಿಸಿದ್ದಿಲ್ಲ.

ಆ ಮೊದಲ ಪೊಟ್ಟಣ ಬಂದ ಮೇಲಿನ ಒಂದು ಮಧ್ಯಾಹ್ನದ ಮಾತು ಹೇಳಿ ಮುಗಿಸುತ್ತೇನೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ದೂರದ ಗಂಟೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಆಯ ತೆಗೆದುಕೊಂಡ ಮೇಲೆ ಕೆಲಸ ಬಿಡುವ ಹಾಗಿಲ್ಲ. ಛತ್ರಿ ಬಿಚ್ಚಿಕೊಂಡು ಬೇವಿನ ಮರದ ಕೆಳಗೆ ಹೋಗಿ ನಿಂತೆ. ಗಡಿಯಾರ ನೋಡಿದೆ. ಕೆಳಗೆ ಕುಸುಬೆ ಕೀಳುವ ಕೆಲಸ ನಡೆದಿತ್ತು. ಹೆಂಗಸರು ಮುಳ್ಳು ತಾಗದಂತೆ ಕೈಗೆ ಬಟ್ಟೆ ಸುತ್ತಿಕೊಂಡು ಸಾಲಾಗಿ ಬಗ್ಗಿದ್ದರು.

ಅಷ್ಟರಲ್ಲಿ ಗಂಟೆ ಕೇಳಿತು. ನಾನಿನ್ನೂ ಹೊಡೆದಿರಲಿಲ್ಲ. ಹೊಲದ ಕಡೆ ನೋಡಿದೆ. ಎಲ್ಲರೂ ಬಗ್ಗಿಯೇ ಇದ್ದರು. ಒಬ್ಬಳೂ ತಲೆಯೆತ್ತಲಿಲ್ಲ.

ಗೂಟ ಎತ್ತಿ ಹಳಿಗೆ ಹೊಡೆದೆ. ಹೊಲದುದ್ದಕ್ಕೂ ಬೆನ್ನುಗಳು ಒಂದೊಂದಾಗಿ ನೆಟ್ಟಗಾದವು. ಕೈಗಳಿಂದ ಬಟ್ಟೆ ಬಿಚ್ಚುತ್ತ ಅವರು ಬುತ್ತಿಯ ಕಡೆ ನಡೆದರು. ಎಲ್ಲರಿಗಿಂತ ಎತ್ತರದವಳು ನಡುವೆ ನಿಂತು ದಿನ್ನೆಯ ಕಡೆ ತಿರುಗಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

"ಕೇಳ್ತರೀ ಅಕ್ಕೋರ! ಖರೇ ಐತಿ!"

ರೈಲಿನಲ್ಲಿ ನನ್ನ ಗಂಡ ಆಡಿದ ಆ ಮಾತು ಅವಳಿಗೆ ಹೇಗೆ ತಿಳಿಯಿತು? ಅತ್ತೆಯ ಹೊಟ್ಟೆಯಲ್ಲಿ ಅದೂ ನಿಂತಿರಲಿಲ್ಲವೆಂದು ಕಾಣುತ್ತದೆ. ನಾನು ಛತ್ರಿ ಮಡಚಿ, ಗೂಟವನ್ನು ಅದರ ಜಾಗದಲ್ಲಿಟ್ಟು, ಅವರೆಲ್ಲ ಕೂತು ಮೊದಲ ತುತ್ತು ಮುರಿಯುವವರೆಗೂ ಅಲ್ಲೇ ನಿಂತೆ. ಆಮೇಲೆ ಒಳಗೆ ಹೋಗಿ ನಾನೂ ಉಂಡೆ.